ಬಂದ ಮಕ್ಕಳು, ಹೋದ ಮಕ್ಕಳು: ವಲಸೆ ಕುಟುಂಬದ ವಿದ್ಯಾರ್ಥಿಗಳಿಗೆ ನಮ್ಮ ಶಾಲೆಗಳು ಏನೇನು ಮಾಡಬಹುದು

ಶಾಲೆ ಮೇ ಕೊನೆಗೆ ಶುರುವಾಗಿ ಏಪ್ರಿಲ್‌ಗೆ ಮುಗಿಯುತ್ತದೆ. ಇಟ್ಟಿಗೆ ಭಟ್ಟಿ ಮಳೆ ನಿಂತ ಮೇಲೆ ಹೊತ್ತಿಕೊಂಡು ಮುಂದಿನ ಮಳೆವರೆಗೆ ಉರಿಯುತ್ತದೆ. ಕಬ್ಬಿನ ಕಟಾವು ದೀಪಾವಳಿ ಸುತ್ತಮುತ್ತ ಶುರು. ತೊಗರಿ ರಾಶಿ ಮುಗಿಯಿತೆಂದರೆ ನಮ್ಮ ತಾಂಡಾಗಳಲ್ಲಿ ಒಂದೊಂದೇ ಮನೆಗೆ ಬೀಗ ಬೀಳುತ್ತದೆ. ಶಾಲೆಯ ಕ್ಯಾಲೆಂಡರಿಗೂ ದುಡಿಮೆಯ ಕ್ಯಾಲೆಂಡರಿಗೂ ತಾಳೆಯೇ ಇಲ್ಲ. ನಡುವೆ ಸಿಕ್ಕಿಕೊಂಡವರು ಮಕ್ಕಳು.

ಕಲಬುರಗಿ, ಬೀದರ್, ಯಾದಗಿರಿ ಶಾಲೆಗಳಲ್ಲಿ ಇಂಥವರು ಎರಡು ತರಹ. ಕೆಲವರು ಹೊರಗಿನಿಂದ ಬರುತ್ತಾರೆ. ವಾಡಿ, ಸೇಡಂ ಕಡೆಯ ಸಿಮೆಂಟ್ ಕಾರ್ಖಾನೆ, ಶಹಾಬಾದಿನ ಕಲ್ಲಿನ ಕೆಲಸ, ಭಟ್ಟಿ, ಕಟ್ಟಡ ಕೆಲಸ ಅಂತ ಬಿಹಾರ, ಒಡಿಶಾ, ತೆಲಂಗಾಣದಿಂದ ಬಂದವರ ಮಕ್ಕಳು. ಬೀದರ್ ಕಡೆ ಕಬ್ಬು ಕಡಿಯಲು ಮಹಾರಾಷ್ಟ್ರದಿಂದ ಬರುವವರ ಮಕ್ಕಳು. ಇನ್ನು ಕೆಲವರು ನಮ್ಮವರೇ. ಬೆಂಗಳೂರು, ಮುಂಬೈ, ಪುಣೆ, ಹೈದರಾಬಾದ್‌ಗೆ ಅಪ್ಪ ಅಮ್ಮನ ಜೊತೆ ಗುಳೆ ಹೋಗಿ, ಯುಗಾದಿ ಹೊತ್ತಿಗೆ ತಿರುಗಿ ಬರುವವರು. ಮೊದಲನೆಯವರನ್ನು 'ಹೊರಗಿನವರು' ಅಂತ ಬಿಡುತ್ತೇವೆ. ಎರಡನೆಯವರನ್ನು 'ಶಾಲೆ ಬಿಟ್ಟವರು' ಅಂತ ಬರೆದು ಮುಗಿಸುತ್ತೇವೆ. ಮಗು ಬರುವ ದಿನಕ್ಕೂ ಶಾಲೆ ತಯಾರಿರಬೇಕು, ಹೋಗುವ ದಿನಕ್ಕೂ ತಯಾರಿರಬೇಕು ಎಂಬುದು ನನಗೆ ಅರ್ಥವಾಗಲು ವರ್ಷಗಳೇ ಹಿಡಿದವು. ಎಡವಿ ಕಲಿತದ್ದನ್ನು ಹೆಜ್ಜೆ ಹೆಜ್ಜೆಯಾಗಿ ಬರೆಯುತ್ತಿದ್ದೇನೆ.

1. ವರ್ಷಕ್ಕೆ ಒಂದಲ್ಲ, ಮೂರು ಸಲ ಹುಡುಕಿ

ದಾಖಲಾತಿ ಆಂದೋಲನ ಅಂತ ಜೂನ್‌ನಲ್ಲಿ ಬ್ಯಾನರ್ ಹಿಡಿದು ಊರು ಸುತ್ತುತ್ತೇವೆ, ಅಲ್ವಾ? ಜೂನ್‌ನಲ್ಲಿ ಭಟ್ಟಿ ಖಾಲಿ. ಕಬ್ಬಿನ ಗ್ಯಾಂಗ್ ಇನ್ನೂ ಬಂದಿರುವುದಿಲ್ಲ. ಆದ್ದರಿಂದ ದೀಪಾವಳಿ ಆದ ಮೇಲೆ ಒಂದು ಸಲ, ಸಂಕ್ರಾಂತಿ ಆದ ಮೇಲೆ ಇನ್ನೊಂದು ಸಲ ಹೋಗಿ.

ಹಗಲು ಹೋದರೆ ಸುಮ್ನೆ ಹೋಗಿ ಬಂದಂತೆ. ಸಂಜೆ ಒಲೆ ಹೊತ್ತುವ ಹೊತ್ತಿಗೆ ಹೋಗಿ. ಅಂಗನವಾಡಿ ಕಾರ್ಯಕರ್ತೆಯನ್ನೋ ಆಶಾ ಕಾರ್ಯಕರ್ತೆಯನ್ನೋ ಜೊತೆಗೆ ಕರೆದುಕೊಳ್ಳಿ. ಲಸಿಕೆ, ಬಾಣಂತಿ ಅಂತ ಅವರು ಮೊದಲೇ ಆ ಗುಡಿಸಲುಗಳಿಗೆ ಹೋಗಿರುತ್ತಾರೆ. ಭಟ್ಟಿಯ ಲೆಕ್ಕ ಬರೆಯುವ ಮುನ್ಷಿ, ಕಬ್ಬಿನ ಕೂಲಿಯವರನ್ನು ಕರೆತರುವ ಮುಕಾದಮ ಇವರ ಜೊತೆ ಜಗಳಕ್ಕೆ ನಿಲ್ಲಬೇಡಿ. 'ಎಷ್ಟು ಕುಟುಂಬ ಬಂದಿವೆ, ಎಂದು ಹೋಗುತ್ತಾರೆ' ಎಂಬ ಲೆಕ್ಕ ಅವರ ಹತ್ತಿರ ಇದ್ದಷ್ಟು ಪಕ್ಕಾ ಯಾವ ಕಚೇರಿಯಲ್ಲೂ ಇರುವುದಿಲ್ಲ. ಮಗು ಕೆಲಸ ಮಾಡುತ್ತಿರುವುದು ಕಂಡರೆ ಮಾತ್ರ ಸುಮ್ಮನಿರುವಂತಿಲ್ಲ. 1098ಕ್ಕೆ ಫೋನ್ ಮಾಡಿ.

ಪಂಚಾಯಿತಿಯನ್ನೂ ಎಳೆದು ತನ್ನಿ. ಶಿಕ್ಷಣ ಹಕ್ಕು ಕಾಯ್ದೆಯ 9ನೇ ಸೆಕ್ಷನ್‌ನಲ್ಲಿ ಸ್ಥಳೀಯ ಸಂಸ್ಥೆಗಳ ಕರ್ತವ್ಯಗಳ ಪಟ್ಟಿ ಇದೆ. ವಲಸೆ ಕುಟುಂಬದ ಮಕ್ಕಳ ದಾಖಲಾತಿ ಖಾತ್ರಿ ಮಾಡುವುದು ಅದರಲ್ಲಿ ಒಂದು. ಪಿಡಿಒ ಮುಂದೆ ಈ ಸಾಲು ಓದಿ ಹೇಳಿದರೆ ಗಾಡಿ ಸಿಗುತ್ತದೆ, ಒಮ್ಮೊಮ್ಮೆ ಒಬ್ಬ ಸಿಬ್ಬಂದಿಯೂ ಸಿಗುತ್ತಾರೆ.

2. ಕಾಗದ ಆಮೇಲೆ, ಹೆಸರು ಮೊದಲು

'ಮೇಡಂ, ಕಾಗಜ್ ತೋ ಗಾಂವ್ ಮೇ ಹೈ.' ಬಾಗಿಲಲ್ಲಿ ನಿಂತ ತಾಯಿ ಮೊದಲು ಹೇಳುವುದು ಇದನ್ನೇ: ಕಾಗದ ಊರಲ್ಲಿದೆ. ನಾವು ಮೊದಲು ಹೇಳುವುದೂ ಒಂದೇ: 'ತಂದ ಮೇಲೆ ಬನ್ನಿ.' ಆ ತಾಯಿ ಮತ್ತೆ ಬರುವುದಿಲ್ಲ. ಒಂದು ದಿನದ ಕೂಲಿ ಬಿಟ್ಟು ಬಂದಿರುತ್ತಾಳೆ.

2010ರ ಏಪ್ರಿಲ್ 1ರಿಂದ ಜಾರಿಯಲ್ಲಿರುವ ಕಾಯ್ದೆ ಈ ವಿಷಯದಲ್ಲಿ ಸ್ಪಷ್ಟ. ವಯಸ್ಸಿನ ದಾಖಲೆ ಇಲ್ಲ ಅಂತ ಪ್ರವೇಶ ನಿರಾಕರಿಸುವಂತಿಲ್ಲ (ಸೆಕ್ಷನ್ 14). ದಾಖಲಾತಿ ಅವಧಿ ಮುಗಿಯಿತು ಅಂತಲೂ ನಿರಾಕರಿಸುವಂತಿಲ್ಲ (ಸೆಕ್ಷನ್ 15). ಟಿಸಿ ತಡವಾದರೆ ಅದೂ ನೆಪ ಅಲ್ಲ. ಹಳೆಯ ಶಾಲೆಯ ಮುಖ್ಯಶಿಕ್ಷಕರು ಟಿಸಿಯನ್ನು ಕೂಡಲೇ ಕೊಡಬೇಕು (ಸೆಕ್ಷನ್ 5). ಶಾಲೆಗೆ ಸೇರಲು ಆಧಾರ್ ಕಡ್ಡಾಯವಲ್ಲ ಎಂದು ಸುಪ್ರೀಂ ಕೋರ್ಟ್ 2018ರ ಸೆಪ್ಟೆಂಬರ್‌ನಲ್ಲೇ ಹೇಳಿದೆ.

ನಿರಾಶ್ರಿತ ಕುಟುಂಬದ ಮಗು ಬಂದರೆ ಏನು ಅಂತ ಒಬ್ಬ ಸಹೋದ್ಯೋಗಿ ಕೇಳಿದ್ದರು. ನಿರಾಶ್ರಿತರ ಕುರಿತ 1951ರ ಅಂತರರಾಷ್ಟ್ರೀಯ ಒಪ್ಪಂದಕ್ಕೆ ಭಾರತ ಸಹಿ ಹಾಕಿಲ್ಲ. ಆದರೆ ಶಿಕ್ಷಣ ಹಕ್ಕು ಕಾಯ್ದೆ 6ರಿಂದ 14 ವರ್ಷದ 'ಪ್ರತಿಯೊಂದು ಮಗು' ಎನ್ನುತ್ತದೆ. 'ಪ್ರತಿಯೊಬ್ಬ ನಾಗರಿಕನ ಮಗು' ಎನ್ನುವುದಿಲ್ಲ. ಪೌರತ್ವ ನೋಡುವುದು ಬೇರೆಯವರ ಕೆಲಸ. ನಮ್ಮ ಕೆಲಸ ಹಾಜರಿ ಹಾಕುವುದು.

ಮಾಡುವುದು ಹೇಗೆ? ಅಂಗನವಾಡಿ ದಾಖಲೆ, ತಾಯಿ ಕಾರ್ಡ್, ಆಸ್ಪತ್ರೆ ಚೀಟಿ ಯಾವುದಿದೆಯೋ ಅದನ್ನು ತೆಗೆದುಕೊಳ್ಳಿ. ಏನೂ ಇಲ್ಲದಿದ್ದರೆ ಪೋಷಕರಿಂದ ಸ್ವಯಂ ಘೋಷಣೆ ಬರೆಸಿಕೊಳ್ಳಿ. ಬರೆಯಲು ಬಾರದಿದ್ದರೆ ನೀವೇ ಬರೆದು ಓದಿ ಹೇಳಿ ಹೆಬ್ಬೆಟ್ಟು ಹಾಕಿಸಿಕೊಳ್ಳಿ. ಹುಟ್ಟಿದ ದಿನ ನೆನಪಿಲ್ಲ ಎಂದರೆ ಹಬ್ಬ, ಮಳೆ, ಅಣ್ಣನ ವಯಸ್ಸು ಹಿಡಿದು ಕೇಳುತ್ತಾ ಹೋಗಿ. ಎಲ್ಲರಿಗೂ ಜೂನ್ 1 ಅಂತ ಬರೆಯುವ ಚಾಳಿ ಬಿಡೋಣ.

ಮಗು ಮೊದಲು ಕರ್ನಾಟಕದ ಶಾಲೆಯಲ್ಲಿ ಓದಿದ್ದರೆ ರಾಜ್ಯದ ವಿದ್ಯಾರ್ಥಿ ದಾಖಲೆ ವ್ಯವಸ್ಥೆಯಾದ ಎಸ್‌ಎಟಿಎಸ್ ನಂಬರ್ ಇರುತ್ತದೆ. ಬೇರೆ ರಾಜ್ಯದಲ್ಲಿ ಓದಿದ್ದರೆ ಕೇಂದ್ರದ ಶಾಲಾ ದತ್ತಾಂಶ ವ್ಯವಸ್ಥೆಯಾದ ಯುಡೈಸ್‌ನ ಪೆನ್ (ಕಾಯಂ ಶಿಕ್ಷಣ) ನಂಬರ್ ಇರಬಹುದು. ಹಳೆಯ ಶಾಲೆಗೆ ಫೋನ್ ಮಾಡಿ ಕೇಳಿ. ಬೇಜಾರಾಗಿ ಹೊಸ ನಂಬರ್ ಹುಟ್ಟಿಸಿಬಿಡಬೇಡಿ. ಒಂದು ಮಗುವಿಗೆ ಎರಡು ನಂಬರ್ ಆದರೆ ಎಸ್‌ಎಸ್‌ಎಲ್‌ಸಿ ಅರ್ಜಿ ತುಂಬುವಾಗ ಅಳುವವರು ನಾವಲ್ಲ, ಆ ಮಗು. ಹೆಸರಿನ ಸ್ಪೆಲ್ಲಿಂಗ್ ಅಷ್ಟೇ ಮುಖ್ಯ. ಕಿವಿಗೆ ಬಿದ್ದ ಹಾಗೆ ಬರೆಯದೆ, ಮನೆಯಲ್ಲಿ ಯಾರದಾದರೂ ಒಂದು ಕಾರ್ಡ್ ಇದ್ದರೆ ಅದರಂತೆ ಬರೆಯಿರಿ.

ಇನ್ನೊಂದು ಮಾತು. ನಂಬರ್ ಬರಲು ವಾರ ಹಿಡಿಯಲಿ, ಬಿಸಿಯೂಟದ ತಟ್ಟೆ ಅದೇ ದಿನ ಸಿಗಬೇಕು.

3. ವಯಸ್ಸಿಗೆ ತಕ್ಕ ತರಗತಿ: ನಾನು ಮಾಡಿದ ತಪ್ಪು

ಕೆಲವು ವರ್ಷಗಳ ಹಿಂದಿನ ಮಾತು. ಒಡಿಶಾದಿಂದ ಬಂದ ಹತ್ತು ವರ್ಷದ ಹುಡುಗಿ. ಕನ್ನಡ ಒಂದಕ್ಷರ ಬಾರದು. 'ಅ ಆ ಇ ಈಯಿಂದ ಶುರು ಮಾಡಲಿ' ಅಂತ ನಾನೇ ಅವಳನ್ನು ಒಂದನೇ ತರಗತಿಯಲ್ಲಿ ಕೂರಿಸಿದೆ. ಉದ್ದೇಶ ಒಳ್ಳೆಯದೇ. ಅವಳ ಮೊಣಕಾಲು ಪಕ್ಕದ ಮಗುವಿನ ಎದೆಗೆ ಬರುತ್ತಿತ್ತು. ಚಿಕ್ಕವರು ಅವಳನ್ನು 'ಅಕ್ಕಾ' ಅಂತ ಕರೆದು ಬಳಪ ಹುಡುಕಲು ಕಳಿಸುತ್ತಿದ್ದರು. ಒಂಬತ್ತನೇ ದಿನ ಬರಲಿಲ್ಲ. ಗುಡಿಸಲಿಗೆ ಹೋದರೆ ನನ್ನನ್ನು ನೋಡಿ ಒಳಗೆ ಹೋಗಿ ಕೂತಳು. ಆಮೇಲೆ ತಿಳಿಯಿತು, ಊರಲ್ಲಿ ಅವಳು ಮೂರನೇ ತರಗತಿ ಮುಗಿಸಿದ್ದಳು. ಭಾಗಾಕಾರ ಬರುತ್ತಿತ್ತು. ನಾನು ಕೇಳಿರಲೇ ಇಲ್ಲ.

ಕಾಯ್ದೆಯ 4ನೇ ಸೆಕ್ಷನ್ ಹೇಳುವುದು ಇದನ್ನೇ: ವಯಸ್ಸಿಗೆ ತಕ್ಕ ತರಗತಿಗೆ ಸೇರಿಸಿ, ಹಿಂದುಳಿದದ್ದಕ್ಕೆ ವಿಶೇಷ ತರಬೇತಿ ಕೊಡಿ. ಕಾಯ್ದೆಯ ಮಾದರಿ ನಿಯಮಗಳ ಪ್ರಕಾರ ಆ ತರಬೇತಿ ಕನಿಷ್ಠ 3 ತಿಂಗಳು, ಹೆಚ್ಚೆಂದರೆ 2 ವರ್ಷ. ಹತ್ತು ವರ್ಷದ ಮಗು ಐದನೇ ತರಗತಿಯಲ್ಲಿ ಹೆಸರು ಹಚ್ಚಿಸಿಕೊಂಡು, ಆಟ, ಊಟ, ಚಿತ್ರಕಲೆ, ಗಣಿತ ಎಲ್ಲ ತನ್ನ ಓರಗೆಯವರ ಜೊತೆ ಮಾಡಬೇಕು. ದಿನಕ್ಕೆ ಒಂದೆರಡು ಪೀರಿಯಡ್ ಮಾತ್ರ ಕನ್ನಡಕ್ಕೆ ಬೇರೆ ಕೂರಿಸಿ.

ಕೂರಿಸುವ ಮುಂಚೆ ಅರ್ಧ ಗಂಟೆ ಪರೀಕ್ಷೆ ಮಾಡಿ, ಆದರೆ ಕನ್ನಡದಲ್ಲಿ ಅಲ್ಲ. ನಾಲ್ಕು ಲೆಕ್ಕ ಬರೆದುಕೊಡಿ. ಲೆಕ್ಕಕ್ಕೆ ಭಾಷೆ ಜಾಸ್ತಿ ಬೇಡ. ತನ್ನ ಲಿಪಿಯಲ್ಲಿ ಹೆಸರು, ಊರು, ಒಂದು ಹಾಡು ಬರೆಯಲು ಹೇಳಿ. ನಿಮಗೆ ಓದಲು ಬಾರದಿದ್ದರೂ ಪರವಾಗಿಲ್ಲ. ಕೈ ಎಷ್ಟು ಸಲೀಸಾಗಿ ಓಡುತ್ತದೆ ಎಂಬುದೇ ಅರ್ಧ ಉತ್ತರ.

4. ಮೊದಲ ವಾರ

ಮೊದಲ ದಿನ ಪಾಠ ಬೇಡ. ಶೌಚಾಲಯ ಎಲ್ಲಿ, ನೀರು ಎಲ್ಲಿ, ತಟ್ಟೆ ಎಲ್ಲಿ ಇಡಬೇಕು ಅಂತ ಇನ್ನೊಂದು ಮಗುವಿನ ಕೈಯಲ್ಲಿ ತೋರಿಸಿ. ಒಂದಕ್ಕೆ ಹೋಗಬೇಕು ಅಂತ ಕೇಳಲು ಬಾರದೆ ಇಡೀ ಮಧ್ಯಾಹ್ನ ಕಾಲು ಒತ್ತಿ ಕೂತ ಮಕ್ಕಳಿದ್ದಾರೆ. ನನಗೆ ಗೊತ್ತಾದದ್ದು ಪಕ್ಕದ ಹುಡುಗಿ ಎದ್ದು 'ಟೀಚರ್, ಅಕಿ ಒಂದಕ್ಕ ಹೋಗ್ಬೇಕಂತ್ರಿ' ಅಂದಾಗ. ಅಂದಿನಿಂದ ಆ ಹುಡುಗಿಯೇ ಅವಳ ಜೋಡಿ.

ಜೋಡಿ ಹುಡುಕುವಾಗ ನಮ್ಮ ಕಡೆ ಒಂದು ಅನುಕೂಲ ಇದೆ. ದಖನಿ ಉರ್ದು ಮಾತಾಡುವ ಮಕ್ಕಳು ಬಹಳಷ್ಟು ತರಗತಿಗಳಲ್ಲಿ ಸಿಗುತ್ತಾರೆ. ಬಿಹಾರದ ಹುಡುಗನಿಗೆ ಅವರ ಮಾತು ಮುಕ್ಕಾಲು ತಿಳಿಯುತ್ತದೆ. 'ನಕ್ಕೋ' (ಬೇಡ) ಅಂದರೆ ಮಾತ್ರ ಮಿಕಿಮಿಕಿ ನೋಡುತ್ತಾನೆ. ಎರಡೇ ದಿನ, ಅವನೂ 'ನಕ್ಕೋ' ಅನ್ನುತ್ತಾನೆ. ಔರಾದ, ಭಾಲ್ಕಿ ಕಡೆ ಮರಾಠಿ ಮಕ್ಕಳಿದ್ದಾರೆ. ಸೇಡಂ, ಗುರುಮಠಕಲ್ ಕಡೆ ತೆಲುಗು. ಗಡಿ ಜಿಲ್ಲೆ ಅಂತ ಬೈದುಕೊಳ್ಳುತ್ತೇವಲ್ಲ, ಇಂಥ ಹೊತ್ತಿಗೆ ಅದೇ ಆಸ್ತಿ.

ಹೆಸರು ಸರಿಯಾಗಿ ಕರೆಯಿರಿ. 'ಏ ಬಿಹಾರಿ' ಅಂತ ಮಕ್ಕಳು ಕರೆದರೆ ಮೊದಲ ದಿನವೇ ತಡೆಯಿರಿ. ಶಿಕ್ಷಕರೇ ಹಾಗೆ ಕರೆಯುವುದನ್ನೂ ಕೇಳಿದ್ದೇನೆ. ಮಗುವಿಗೆ ಮಾನಸಿಕ ಕಿರುಕುಳ ಕೊಡುವುದನ್ನು 17ನೇ ಸೆಕ್ಷನ್ ಹೊಡೆತದಷ್ಟೇ ಕಟ್ಟುನಿಟ್ಟಾಗಿ ನಿಷೇಧಿಸಿದೆ.

ಕೆಲವು ಹೆಣ್ಣುಮಕ್ಕಳು ತಮ್ಮನನ್ನೋ ತಂಗಿಯನ್ನೋ ಸೊಂಟದ ಮೇಲೆ ಹೊತ್ತುಕೊಂಡೇ ಬರುತ್ತಾರೆ. 'ಅವನನ್ನು ಮನೆಯಲ್ಲಿ ಬಿಟ್ಟು ಬಾ' ಅಂದರೆ ಇಬ್ಬರೂ ಮನೆಯಲ್ಲೇ ಉಳಿಯುತ್ತಾರೆ. ಅಂಗನವಾಡಿಯಲ್ಲಿ ಜಾಗ ಆಗುವವರೆಗೆ ಆ ಕೂಸು ತರಗತಿಯ ಮೂಲೆಯಲ್ಲಿ ಮಲಗಲಿ. ಪಾಠಕ್ಕೆ ಏನೂ ಆಗುವುದಿಲ್ಲ.

5. ಕನ್ನಡ ಕಲಿಸುವುದು

ಇಲ್ಲಿ ಸ್ವಲ್ಪ ನಿಧಾನ ಮಾಡುತ್ತೇನೆ. ನಾವು ಜಾಸ್ತಿ ಎಡವುವುದು ಇಲ್ಲೇ.

ಮೊದಲ ಒಂದೆರಡು ತಿಂಗಳು ಮಗು ಮಾತಾಡದೇ ಇರಬಹುದು. ಅದು ದಡ್ಡತನ ಅಲ್ಲ, ಕೇಳಿಸಿಕೊಳ್ಳುತ್ತಿದೆ. ಎಬ್ಬಿಸಿ ನಿಲ್ಲಿಸಿ 'ಹೇಳು ಹೇಳು' ಅನ್ನಬೇಡಿ. 'ಬಾಗಿಲು ಹಾಕು', 'ನೀರು ತಾ', 'ಚೀಲ ತೆಗಿ' ಅಂತ ಕೆಲಸ ಹೇಳಿ. ಮಾಡಿ ತೋರಿಸಿತಾ? ಅರ್ಥ ಆಗಿದೆ ಅಂತಲೇ ಲೆಕ್ಕ.

ಮಗು ಎರಡು ಕನ್ನಡ ಒಟ್ಟಿಗೆ ಕಲಿಯುತ್ತಿದೆ ಎಂಬುದೂ ನೆನಪಿರಲಿ. ಮೈದಾನದಲ್ಲಿ 'ಬ್ಯಾಡ್ರಿ', 'ಹೋಗ್ಲತ್ತೀನಿ'. ಪುಸ್ತಕದಲ್ಲಿ 'ಬೇಡ', 'ಹೋಗುತ್ತಿದ್ದೇನೆ'. ಮೈದಾನದ ಕನ್ನಡವನ್ನು ತಿದ್ದಲು ಹೋಗಬೇಡಿ. ಗೆಳೆಯರನ್ನು ಕೊಡುವುದು ಅದೇ.

ಅಕ್ಷರಕ್ಕೆ ಬಂದರೆ, ದೇವನಾಗರಿ ಅಥವಾ ಒಡಿಯಾ ಬರುವ ಮಗುವಿಗೆ ಸೊನ್ನೆಯಿಂದ ಕಲಿಸಬೇಕಿಲ್ಲ. ಕ ಖ ಗ ಘ ಎಂಬ ಸಾಲು ಅಲ್ಲೂ ಅದೇ, ಇಲ್ಲೂ ಅದೇ. ಮಗು ತನ್ನ ವರ್ಣಮಾಲೆ ಬರೆಯಲಿ, ಪ್ರತಿ ಅಕ್ಷರದ ಕೆಳಗೆ ನೀವು ಕನ್ನಡದ್ದು ಬರೆಯಿರಿ. ಆ ಹಾಳೆಯನ್ನು ಮೇಜಿಗೆ ಅಂಟಿಸಿ. ತೆಲುಗು ಓದಲು ಬರುವ ಮಗು ಇನ್ನೂ ಬೇಗ ಹಿಡಿಯುತ್ತದೆ, ಎರಡು ಲಿಪಿಗಳೂ ಅಷ್ಟು ಹತ್ತಿರ. ಉರ್ದು ಕಲಿತ ಮಗುವಿಗೆ ಬರೆಯುವ ದಿಕ್ಕೇ ಬೇರೆ, ಬಲದಿಂದ ಎಡಕ್ಕೆ. ನೋಟ್‌ಬುಕ್ಕನ್ನು ಹಿಂದಿನಿಂದ ತೆರೆದರೆ ಗದರಿಸಬೇಡಿ.

ಕಷ್ಟ ಬರುವುದು ಮೂರು ಕಡೆ. ಹಿಂದಿಯಲ್ಲಿ ಎ-ಏ, ಒ-ಓ ಎಂಬ ಭೇದ ಇಲ್ಲ. 'ಎಲೆ' ಬರೆಯೆಂದರೆ 'ಏಲೇ' ಆಗುತ್ತದೆ. ಹಿಂದಿ ಮಕ್ಕಳ ಬಾಯಿಗೆ ಳ ಕೂಡ ಹೊಸದು. ಮರಾಠಿ, ಒಡಿಯಾ ಮಕ್ಕಳಿಗೆ ಅದು ಗೊತ್ತು. ಇವೆರಡಕ್ಕೂ ನನ್ನ ಹತ್ತಿರ ಇರುವ ಔಷಧಿ ನಮ್ಮ ಹೊಲದ್ದೇ. ಒಂದು ಹಿಡಿ ತೊಗರಿ ಬೇಳೆ ಮೇಜಿನ ಮೇಲೆ ಹಾಕುತ್ತೇನೆ. ಇದು ಬೇಳೆ. ಕಿಟಕಿಯಾಚೆ ಹೊಲ ತೋರಿಸಿ, ಅದು ಬೆಳೆ. ಕೈಯಲ್ಲಿ ಹತ್ತು ರೂಪಾಯಿ ನೋಟು ಹಿಡಿದು, ಇದರ ಬೆಲೆ ಎಷ್ಟು? ಬೆಳೆ, ಬೇಳೆ, ಬೆಲೆ. ಮಕ್ಕಳು ನಗುತ್ತಾ ನಾಲಿಗೆ ಮಡಚುತ್ತಾರೆ. ಒಬ್ಬ ಹುಡುಗ ಇಡೀ ವಾರ ಅಂಗಡಿಯವನಿಗೆ 'ಬೇಳೆ ಎಷ್ಟು' ಅಂತ ಕೇಳಿದ, ಪೆನ್ಸಿಲ್‌ಗೂ ಚಾಕೊಲೇಟಿಗೂ. ಎಂಟನೇ ದಿನ 'ಬೆಲೆ' ಬಂತು.

ಮೂರನೆಯದು ಒತ್ತಕ್ಷರ. ದೇವನಾಗರಿಯಲ್ಲಿ ಅರ್ಧ ಅಕ್ಷರ ಮುಂದೆ ಬಂದು, ಪೂರ್ತಿ ಅಕ್ಷರ ಆಮೇಲೆ ಬರುತ್ತದೆ. ಕನ್ನಡದಲ್ಲಿ ಮೊದಲ ಅಕ್ಷರ ದೊಡ್ಡದಾಗಿ ಮೇಲಿದ್ದು, ಎರಡನೆಯದು ಕೆಳಗೆ ನೇತಾಡುತ್ತದೆ. ಸ್ವರದ ಚಿಹ್ನೆ ಬೇರೆ ಮೇಲಿನ ಅಕ್ಷರಕ್ಕೇ ಅಂಟಿರುತ್ತದೆ. ಹಾಗಾಗಿ 'ರಸ್ತೆ'ಯನ್ನು ಮಗು 'ರಸೆತ' ಅಂತ ಓದುತ್ತದೆ. ಅದು ಕಣ್ಣಿಗೆ ಕಂಡದ್ದನ್ನೇ ಓದಿದೆ! ಬೈಯುವ ಬದಲು ಸ್, ತ್, ಎ ಅಂತ ಬಿಡಿಸಿ ಬರೆದು ತೋರಿಸಿ. ಅಕ್ಕ, ಅಮ್ಮ, ಹಣ್ಣು ಇಂಥ ಸಜಾತಿ ಒತ್ತುಗಳಿಂದ ಶುರು ಮಾಡಿ.

ಎಣಿಕೆಯಲ್ಲಿ ಮಾತ್ರ ಕನ್ನಡ ಸುಲಭ. ಹಿಂದಿಯಲ್ಲಿ ನೂರರವರೆಗೆ ಹೆಚ್ಚುಕಡಿಮೆ ಪ್ರತಿ ಸಂಖ್ಯೆಯನ್ನೂ ಬೇರೆಯಾಗಿ ಬಾಯಿಪಾಠ ಮಾಡಬೇಕು. ನಮ್ಮಲ್ಲಿ ಇಪ್ಪತ್ತು, ಇಪ್ಪತ್ತೊಂದು, ಇಪ್ಪತ್ತೆರಡು ಅಂತ ದಾರಿ ತಾನೇ ತೆರೆದುಕೊಳ್ಳುತ್ತದೆ. ಮೊದಲ ಗೆಲುವು ಇಲ್ಲೇ ಸಿಗಲಿ.

ಒಂದರಿಂದ ಮೂರನೇ ತರಗತಿಯ ನಲಿಕಲಿ ಈ ಮಕ್ಕಳಿಗೆ ಹೇಳಿ ಮಾಡಿಸಿದ ಹಾಗಿದೆ. 1995ರಲ್ಲಿ ಹೆಗ್ಗಡದೇವನಕೋಟೆಯಲ್ಲಿ ಶುರುವಾದ ಈ ಪದ್ಧತಿಯಲ್ಲಿ ಪ್ರತಿ ಮಗುವೂ ಕಲಿಕಾ ಏಣಿಯಲ್ಲಿ ತನ್ನದೇ ಮೆಟ್ಟಿಲಲ್ಲಿ ಇರುತ್ತದೆ. ನಾಲ್ಕು ತಿಂಗಳು ಬಿಟ್ಟು ಬಂದರೂ ಬಿಟ್ಟ ಮೆಟ್ಟಿಲಿನಿಂದ ಹತ್ತಬಹುದು. ನಾಲ್ಕನೇ ತರಗತಿಯಿಂದ ಆ ಏಣಿ ಇಲ್ಲ. ನಾನು ರಟ್ಟಿನ ಮೇಲೆ ಗಣಿತಕ್ಕೂ ಕನ್ನಡಕ್ಕೂ ಒಂದೊಂದು ಚಿಕ್ಕ ಏಣಿ ಬರೆದು ಗೋಡೆಗೆ ಹಚ್ಚಿಕೊಂಡಿದ್ದೆ. ಇಲಾಖೆ ಹೇಳಿದ್ದಲ್ಲ, ಆದರೆ ಕೆಲಸ ಮಾಡಿತು.

ಲಂಬಾಣಿ ಮಕ್ಕಳನ್ನು ಮರೆಯಬೇಡಿ. ಅವರು ಇದೇ ಊರಿನವರು ನಿಜ. ಮನೆಯಲ್ಲಿ ಆಡುವುದು ಗೋರ್ ಬೋಲಿ. ಒಂದನೇ ತರಗತಿಗೆ ಬರುವ ತಾಂಡಾದ ಮಗುವಿಗೂ ಪುಸ್ತಕದ ಕನ್ನಡ ಹೊಸ ಭಾಷೆಯೇ.

6. ಅಪ್ಪ ಅಮ್ಮನ ಜೊತೆ

ಪೋಷಕರ ಸಭೆಯನ್ನು ಹಗಲು ಹನ್ನೊಂದಕ್ಕೆ ಕರೆದರೆ ಕೂಲಿಯವರು ಬರುವುದಿಲ್ಲ. ಸಂಜೆ ಅವರಿದ್ದಲ್ಲಿಗೇ ಹೋಗಿ. ನೋಟಿಸ್ ಕಳಿಸುವ ಬದಲು ವಾಟ್ಸಾಪ್‌ನಲ್ಲಿ ಹಿಂದಿಯಲ್ಲೋ ಮರಾಠಿಯಲ್ಲೋ ವಾಯ್ಸ್ ಮೆಸೇಜ್ ಕಳಿಸಿ. ಬಾರದಿದ್ದರೆ ಆ ಭಾಷೆ ಬರುವ ಏಳನೇ ತರಗತಿಯವರು ಯಾರಾದರೂ ಮಾತಾಡಲಿ.

ಅವರಿಗೆ ಉಪಯೋಗ ಆಗುವ ಒಂದು ಮಾತು ಹೇಳಿ ಬನ್ನಿ, ನಂಬಿಕೆ ತಾನೇ ಬರುತ್ತದೆ. ಕಟ್ಟಡ ಕೆಲಸದಲ್ಲಿ ಹಿಂದಿನ 12 ತಿಂಗಳಲ್ಲಿ 90 ದಿನ ದುಡಿದ, 18ರಿಂದ 60 ವರ್ಷದೊಳಗಿನವರು ಕಾರ್ಮಿಕ ಕಲ್ಯಾಣ ಮಂಡಳಿಯಲ್ಲಿ ನೋಂದಾಯಿಸಿಕೊಳ್ಳಬಹುದು. ಮಕ್ಕಳ ಓದಿಗೆ ಅಲ್ಲಿ 'ಕಲಿಕಾ ಭಾಗ್ಯ' ಎಂಬ ಸಹಾಯಧನ ಇದೆ. ಊರಿನ ರೇಷನ್ ಕಾರ್ಡ್‌ನಲ್ಲಿ ಇಲ್ಲೂ ಧಾನ್ಯ ಪಡೆಯುವ 'ಒಂದು ದೇಶ ಒಂದು ಪಡಿತರ ಚೀಟಿ' ವ್ಯವಸ್ಥೆ ಬಗ್ಗೆಯೂ ಹೇಳಿ.

7. ಗುಳೆ ಹೋಗುವ ಮುಂಚೆ

ದಸರಾ ರಜೆ ಮುಗಿದ ವಾರವೇ ಯಾರ ಮನೆಯಲ್ಲಿ ಹೋಗುವ ಮಾತು ನಡೆದಿದೆ ಅಂತ ಮಕ್ಕಳನ್ನೇ ಕೇಳಿ. ಅವರಿಗೆ ಎಲ್ಲ ಗೊತ್ತಿರುತ್ತದೆ. ಮುಂಗಡ ತೆಗೆದುಕೊಂಡದ್ದೂ ಗೊತ್ತಿರುತ್ತದೆ.

ಮೊದಲ ಪ್ರಯತ್ನ, ಮಗು ಇಲ್ಲೇ ಉಳಿಯುವಂತೆ ಮಾಡುವುದು. ಅಜ್ಜಿ ಇದ್ದಾರಾ? ನಿಮ್ಮ ಬ್ಲಾಕ್‌ನಲ್ಲಿ ಸಮಗ್ರ ಶಿಕ್ಷಣದಡಿ ಋತುಮಾನ ಹಾಸ್ಟೆಲ್ ನಡೆಯುತ್ತಿದೆಯಾ ಅಂತ ಕ್ಲಸ್ಟರ್ ಸಂಪನ್ಮೂಲ ವ್ಯಕ್ತಿಯನ್ನು (ಸಿಆರ್‌ಪಿ) ಕೇಳಿ. ಆರನೇ ತರಗತಿ ಮೇಲಿನ ಹೆಣ್ಣುಮಕ್ಕಳಿಗೆ ಕಸ್ತೂರಬಾ ಗಾಂಧಿ ಬಾಲಿಕಾ ವಿದ್ಯಾಲಯ ಎಂಬ ವಸತಿ ಶಾಲೆ ಇದೆ. ದೊಡ್ಡ ಹುಡುಗಿಯನ್ನು ಊರಲ್ಲಿ ಬಿಡಲು ಹೆದರಿ, ಹೋಗುವ ಮುಂಚೆ ಮದುವೆ ಮಾಡಿಬಿಡುವ ಮನೆಗಳಿವೆ. ಆದ್ದರಿಂದ ಹಾಸ್ಟೆಲ್ ವಿಷಯವನ್ನು ಅಕ್ಟೋಬರ್‌ನಲ್ಲೇ ಮಾತಾಡಿ.

ಆದರೂ ಹೋಗುವವರು ಹೋಗುತ್ತಾರೆ. ಹೊಟ್ಟೆಯ ಮಾತು, ನಾವು ಉಪದೇಶ ಮಾಡುವಂತಿಲ್ಲ. ಆಗ ಮಗುವಿನ ಕೈಗೆ ಒಂದು ಚೀಟಿ ಕೊಡಿ. ಹೆಸರು, ಎಸ್‌ಎಟಿಎಸ್ ನಂಬರ್, ತರಗತಿ, ಓದಲು ಎಷ್ಟು ಬರುತ್ತದೆ, ಲೆಕ್ಕ ಎಲ್ಲಿವರೆಗೆ ಆಗಿದೆ, ಶಾಲೆಯ ಮತ್ತು ನಿಮ್ಮ ಫೋನ್ ನಂಬರ್. ಅಷ್ಟೇ. ಅದರ ಫೋಟೋವನ್ನು ತಂದೆಯ ಫೋನಿಗೂ ಕಳಿಸಿ, ಕಾಗದ ರೈಲಿನಲ್ಲಿ ಕಳೆಯುತ್ತದೆ. ಪಠ್ಯಪುಸ್ತಕ ಜೊತೆಗೆ ಹೋಗಲಿ. ವರ್ಷಪೂರ್ತಿ ಒಂದೇ ಕಡೆ ನಿಲ್ಲುವವರಾದರೆ ಟಿಸಿ ಕೊಡಿ. ನಾಲ್ಕು ತಿಂಗಳಿಗೆ ಬರುವವರಾದರೆ ವ್ಯಾಸಂಗ ಪ್ರಮಾಣಪತ್ರ ಕೊಟ್ಟು, ಹೆಸರು ಇಲ್ಲೇ ಇರಲಿ. ಮಹಾರಾಷ್ಟ್ರದಲ್ಲಿ ಇಂಥ ಮಕ್ಕಳಿಗೆ 'ಶಿಕ್ಷಣ ಹಮೀ ಕಾರ್ಡ್' ಕೊಡುತ್ತಾರೆ. ಬೀದರ್‌ನ ಶಿಕ್ಷಕರು ಕಬ್ಬಿನ ಗ್ಯಾಂಗಿನ ಮಕ್ಕಳ ಹತ್ತಿರ ಅದನ್ನು ಕೇಳಿ ನೋಡಿ. ಮಗು ಎಷ್ಟು ಓದಿದೆ ಎಂಬುದು ಅದರಲ್ಲಿ ಸಿಗುತ್ತದೆ.

ಉದ್ಯಾನ್ ಎಕ್ಸ್‌ಪ್ರೆಸ್ ಹತ್ತುವ ಮುಂಚೆ ಒಂದು ಪ್ರಶ್ನೆ ಕೇಳಿ ಬರೆದಿಟ್ಟುಕೊಳ್ಳಿ: ಬೆಂಗಳೂರಲ್ಲಿ ಯಾವ ಏರಿಯಾ? ಗೊತ್ತಿಲ್ಲ ಅನ್ನುತ್ತಾರೆ. ಮೇಸ್ತ್ರಿ ನಂಬರ್ ತೆಗೆದುಕೊಳ್ಳಿ. ಆ ಏರಿಯಾದ ಸರ್ಕಾರಿ ಶಾಲೆಗೆ ನೀವೇ ಒಂದು ಫೋನ್ ಮಾಡಿದರೆ ಅಲ್ಲಿನ ಬಾಗಿಲು ಅರ್ಧ ತೆರೆದಂತೆ.

8. ತಿರುಗಿ ಬಂದ ದಿನ

'ಎಲ್ಲಿ ಹಾಳಾಗಿ ಹೋಗಿದ್ದಿ ಇಷ್ಟು ದಿನ?' ಪ್ರೀತಿಯಿಂದಲೇ ಕೇಳುತ್ತೇವೆ. ಮಗುವಿಗೆ ಬೈಗುಳವಾಗಿ ಕೇಳುತ್ತದೆ. 'ಬಂದ್ಯಾ? ಕೂತ್ಕೋ' ಸಾಕು.

ಮುಂಬೈಯಿಂದ ಬಂದ ಹುಡುಗ ಹಿಂದಿ, ಮರಾಠಿ ಕಲಿತು ಬಂದಿರುತ್ತಾನೆ. ಮರಳು, ಸಿಮೆಂಟಿನ ಪ್ರಮಾಣ ಬಾಯಲ್ಲೇ ಹೇಳುತ್ತಾನೆ. ಗಣಿತದಲ್ಲಿ ಅನುಪಾತದ ಪಾಠ ಅವನ ಕೈಯಲ್ಲೇ ಮಾಡಿಸಿ ನೋಡಿ. ತಪ್ಪಿದ ಪಾಠಗಳನ್ನೆಲ್ಲ ತುಂಬಿಸಲು ಹೋಗಬೇಡಿ, ಆಗದ ಕೆಲಸ. ಮುಂದಿನ ತರಗತಿಗೆ ಬೇಕೇ ಬೇಕಾದ ನಾಲ್ಕೈದು ಅಂಶ ಆರಿಸಿ, ಬೇಸಿಗೆ ರಜೆ ಮುಂಚೆ ಅಷ್ಟನ್ನು ಮಾತ್ರ ಗಟ್ಟಿ ಮಾಡಿ.

ಮಾತೇ ಆಡದ, ಸಣ್ಣ ಸದ್ದಿಗೂ ಬೆಚ್ಚುವ, ಮನೆಗೆ ಹೋಗಲು ಹೆದರುವ ಮಗು ಕಂಡರೆ ಕಾರಣ ಕೆದಕಬೇಡಿ. ದಿನಾ ಒಂದೇ ಜಾಗ, ಒಂದೇ ಜೋಡಿ, ಒಂದೇ ಶಿಕ್ಷಕರು ಇರುವಂತೆ ನೋಡಿಕೊಳ್ಳಿ. ಹಾಗೇ ಮುಂದುವರಿದರೆ ಜಿಲ್ಲಾ ಮಕ್ಕಳ ರಕ್ಷಣಾ ಘಟಕದವರನ್ನು ಸಂಪರ್ಕಿಸಿ.

9. ಒಂದು ನೋಟ್‌ಬುಕ್

ಕೊನೆಯದು ಚಿಕ್ಕ ಕೆಲಸ. ಎಸ್‌ಎಟಿಎಸ್‌ನಲ್ಲಿ ಏನೇ ಇರಲಿ, ಮುಖ್ಯಶಿಕ್ಷಕರ ಕಪಾಟಿನಲ್ಲಿ ಇನ್ನೂರು ಪುಟದ ಒಂದು ನೋಟ್‌ಬುಕ್ ಇಡಿ. ಎಡಪುಟದಲ್ಲಿ ಬಂದವರು, ಬಲಪುಟದಲ್ಲಿ ಹೋದವರು. ದಿನಾಂಕ, ಎಲ್ಲಿಂದ ಅಥವಾ ಎಲ್ಲಿಗೆ, ಯಾರ ಜೊತೆ, ಫೋನ್, ಯಾವ ಮೆಟ್ಟಿಲಲ್ಲಿದ್ದರು. ತಿಂಗಳಿಗೊಮ್ಮೆ ಶಾಲಾಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿಯ (ಎಸ್‌ಡಿಎಂಸಿ) ಸಭೆಯಲ್ಲಿ ಬಲಪುಟವನ್ನು ಗಟ್ಟಿಯಾಗಿ ಓದಿ. ಯಾರಿಗಾದರೂ ಏನಾದರೂ ಸುದ್ದಿ ಗೊತ್ತಿರುತ್ತದೆ.

ನನಗೆ ವರ್ಗಾವಣೆ ಆದಾಗ ಚಾರ್ಜ್ ಪಟ್ಟಿಯಲ್ಲಿ ಕುರ್ಚಿ, ಬೀರು, ಬಿಸಿಯೂಟದ ಪಾತ್ರೆ ಎಲ್ಲ ಬರೆದು ಕೊಟ್ಟೆ. ಪಟ್ಟಿಯಲ್ಲಿ ಇಲ್ಲದ ಆ ನೋಟ್‌ಬುಕ್ಕನ್ನು ಕೀಲಿಯ ಜೊತೆ ಹೊಸ ಮೇಡಂ ಕೈಗೆ ಇಟ್ಟೆ. ಬಲಪುಟದಲ್ಲಿ ಏಳು ಹೆಸರು ಇನ್ನೂ ಬರಬೇಕಿತ್ತು. ಯುಗಾದಿ ಆದ ವಾರ ಅವರೇ ಫೋನ್ ಮಾಡಿದರು: 'ಐದು ಮಂದಿ ಬಂದ್ರಿ. ಇನ್ನೆರಡಕ್ಕ ಮೇಸ್ತ್ರಿ ನಂಬರ್ ಹಚ್ಲತ್ತೀನಿ.'